ನೂರು ವ್ಯಾಟ್ ಎಂದರೆ ಯಾವ ನೂರು?

ಮನೆಯಂಗಳದ ವಿಜ್ಞಾನ

ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಗೂಗಲ್‌ನಿಂದ ಓದುಗ ಸಹೋದರಿಯೊಬ್ಬರು ಬರೆದ ಪತ್ರ ಈ ಬಾರಿಯ ಅಂಕಣಕ್ಕೆ ವಿಷಯ ಒದಗಿಸಿದೆ. ಇದು ಕಂಪ್ಯೂಟರಿನ ಗೂಗಲ್ ಅಲ್ಲ, ಕೃಷ್ಣಾ ನದಿಯ ದಡದ ಊರು. ಅವರ ಪತ್ರದ ಸಾರಾಂಶ ಹೀಗಿದೆ:

“ನನ್ನ ಹಿರಿಮಗಳು ಪಿಯುಸಿ ವಿಜ್ಞಾನ ಓದಿದವಳು. ಹವ್ಯಾಸಿ ರೇಡಿಯೋ ಅಂದರೆ ಹ್ಯಾಮ್ ರೇಡಿಯೋ ಪರೀಕ್ಷೆ ಬರೆದು ಪರವಾನಗಿ ಪಡೆದಿದ್ದಾಳೆ. ಅವಳ ಮಾಮು ಒಂದು ಹಳೆಯ ಸೆಟ್ಟು ಕೊಡಿಸಿದರು. ಮಾರಿದವರು 200 ವ್ಯಾಟಿನದು ಎಂದಿದ್ದರು. ಅದರ ಜೊತೆ ಬಂದ ಪುಸ್ತಕದಲ್ಲಿ 100 ವ್ಯಾಟ್ ಎಂದಿದೆ. ಮಗಳು ಮಾತನಾಡುವಾಗ ಮೀಟರಿನ ಮುಳ್ಳು 30 ದಾಟುವುದೇ ಇಲ್ಲ. ‘ಮೋಸ ಹೋದೆವು, ವಾಪಸು ಕೊಟ್ಟು ಹಣ ತನ್ನಿ’ ಎಂದು ಅವಳ ಅಬ್ಬಾ ಹೇಳುತ್ತಾರೆ. ಮಗಳು ಮಾತ್ರ ‘ಮೂರು ಲೆಕ್ಕವೂ ಸರಿ ಇದೆ ಅಮ್ಮಿ’ ಎನ್ನುತ್ತಾಳೆ. ನೆರೆ ಬಂದಾಗ ಉಪಯೋಗಕ್ಕೆ ಬಂದೀತು ಎಂಬ ಒಂದೇ ಕಾರಣಕ್ಕೆ ನಾನು ಇದಕ್ಕೆ ಒಪ್ಪಿದ್ದು. ಯಾರ ಮಾತು ನಿಜ?”

ಸಹೋದರಿಯ ಪ್ರಶ್ನೆ ಒಂದು ಮನೆಯದ್ದಷ್ಟೇ ಅಲ್ಲ. ಅಂಗಡಿಯಲ್ಲಿ ‘ಇಷ್ಟು ವ್ಯಾಟ್’ ಎಂದು ಬರೆದ ಸಾಮಾನು ಕೊಳ್ಳುವ ಎಲ್ಲರಿಗೂ ಇದು ಸಂಬಂಧಿಸಿದೆ. ಮೊದಲೇ ಹೇಳಿಬಿಡುತ್ತೇನೆ: ಮಗಳ ಮಾತು ನಿಜವಾಗಿರುವ ಸಾಧ್ಯತೆಯೇ ಹೆಚ್ಚು. ಆದರೆ ಅದನ್ನು ಖಚಿತಪಡಿಸಿಕೊಳ್ಳಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅದಕ್ಕೆ ಮುಂಚೆ ವ್ಯಾಟಿನ ವಿಷಯ ಸ್ವಲ್ಪ ತಿಳಿದುಕೊಳ್ಳೋಣ.

ಒಳಗೆ ಹೋಗುವುದು, ಹೊರಗೆ ಬರುವುದು

ರಾಯಚೂರಿನವರಿಗೆ ವ್ಯಾಟ್ ಹೊಸ ಪದವಲ್ಲ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್. ಒಂದು ಮೆಗಾವ್ಯಾಟ್ ಎಂದರೆ ಹತ್ತು ಲಕ್ಷ ವ್ಯಾಟ್. ನಮ್ಮ ಅಡುಗೆ ಮನೆಯ ಮಿಕ್ಸಿ 500 ವ್ಯಾಟ್, ಹಳೆಯ ಕಾಲದ ಬಲ್ಬು 60 ವ್ಯಾಟ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಇದು ಶಾಲೆಯಲ್ಲಿ ಓದಿದ್ದೇ.

ಆದರೆ ಬಲ್ಬಿನ ಮೇಲೆ ಬರೆದ 60 ಅದು ತಿನ್ನುವ ವಿದ್ಯುತ್ತು. ಅದು ಕೊಡುವ ಬೆಳಕಲ್ಲ. ತಿಂದದ್ದರಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ. ಒಲೆಯ ಮೇಲೆ ಪಾತ್ರೆ ಇಟ್ಟಾಗಲೂ ಉರಿದ ಗ್ಯಾಸಿನ ಶಾಖವೆಲ್ಲ ಸಾರಿಗೆ ಸೇರುವುದಿಲ್ಲ, ಸುತ್ತಲಿನ ಗಾಳಿಯನ್ನೂ ಬಿಸಿ ಮಾಡುತ್ತದೆ.

ರೇಡಿಯೋ ಪ್ರೇಷಕ, ಅಂದರೆ ಟ್ರಾನ್ಸ್‌ಮಿಟರ್ ಕೂಡಾ ಹೀಗೆಯೇ. ಅದರ ಕೊನೆಯ ಹಂತಕ್ಕೆ 200 ವ್ಯಾಟ್ ವಿದ್ಯುತ್ ಒಳಗೆ ಹೋದರೆ ಸುಮಾರು 100 ವ್ಯಾಟ್ ರೇಡಿಯೋ ಅಲೆಯಾಗಿ ಹೊರಗೆ ಬರುತ್ತದೆ. ಉಳಿದ 100 ಶಾಖವಾಗುತ್ತದೆ. ಸೆಟ್ಟಿನ ಹಿಂಭಾಗದಲ್ಲಿ ಅಲ್ಯುಮಿನಿಯಮ್ ರೆಕ್ಕೆಗಳಿರುವುದು ಈ ಶಾಖವನ್ನು ಗಾಳಿಗೆ ಬಿಡಲೆಂದೇ.

1970ರ ದಶಕದ ಮತ್ತು 80ರ ದಶಕದ ಆರಂಭದ ಅನೇಕ ಸೆಟ್ಟುಗಳ ಮೇಲೆ ಒಳಗೆ ಹೋಗುವ ವ್ಯಾಟನ್ನೇ ಬರೆಯುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಅಮೆರಿಕದಲ್ಲಿ ಹವ್ಯಾಸಿಗಳ ಮಿತಿಯನ್ನು ಒಳಗೆ ಹೋಗುವ ಶಕ್ತಿಯ ಲೆಕ್ಕದಲ್ಲಿ 1000 ವ್ಯಾಟ್ ಎಂದು ಇಟ್ಟಿದ್ದರು. ವೋಲ್ಟ್ ಮೀಟರ್ ಮತ್ತು ಆಂಪಿಯರ್ ಮೀಟರ್ ಇದ್ದರೆ ಯಾರು ಬೇಕಾದರೂ ಅದನ್ನು ಅಳೆಯಬಹುದಿತ್ತು. 1983ರಲ್ಲಿ ಅಲ್ಲಿನ ನಿಯಮ ಬದಲಾಯಿತು. ಹೊರಗೆ ಬರುವ ಗರಿಷ್ಠ ಶಕ್ತಿ 1500 ವ್ಯಾಟ್ ಎಂದು ಹೊಸ ಮಿತಿ ಬಂತು. ಆ ಮೇಲೆ ಸೆಟ್ಟುಗಳ ಮೇಲೂ ಹೊರಗಿನ ಲೆಕ್ಕವೇ ರೂಢಿಯಾಯಿತು.

ಆದ್ದರಿಂದ ಮಾರಿದವರು ಹೇಳಿದ 200 ಒಳಗಿನ ಲೆಕ್ಕವಾಗಿರಬಹುದು. ಪುಸ್ತಕದ 100 ಹೊರಗಿನ ಲೆಕ್ಕ. ಪುಸ್ತಕದಲ್ಲಿ ‘ಇನ್‌ಪುಟ್’ ಮತ್ತು ‘ಔಟ್‌ಪುಟ್’ ಎಂಬ ಎರಡು ಪದಗಳನ್ನು ಹುಡುಕಿ ನೋಡಿ. ಎರಡು ಸಂಖ್ಯೆಗಳ ಜಗಳ ಅಲ್ಲಿಯೇ ಮುಗಿಯುತ್ತದೆ.

ಮಾತಿನ ಏರಿಳಿತ

ಈಗ ಮೂರನೆಯ ಸಂಖ್ಯೆ, ಮೀಟರಿನ 30.

ಹವ್ಯಾಸಿಗಳು ದೂರದ ಮಾತುಕತೆಗೆ ಹೆಚ್ಚಾಗಿ ಬಳಸುವ ವಿಧಾನಕ್ಕೆ ‘ಸಿಂಗಲ್ ಸೈಡ್ ಬ್ಯಾಂಡ್’ ಎಂದು ಹೆಸರು. ಇದರಲ್ಲಿ ನಾವು ಮಾತನಾಡಿದರೆ ಮಾತ್ರ ಅಲೆ ಹೊರಡುತ್ತದೆ. ಸುಮ್ಮನಾದರೆ ಏನೂ ಹೊರಡುವುದಿಲ್ಲ. ಜೋರಾಗಿ ಹೇಳಿದ ಅಕ್ಷರಕ್ಕೆ ಹೆಚ್ಚು ಶಕ್ತಿ, ಮೆಲ್ಲಗೆ ಹೇಳಿದ್ದಕ್ಕೆ ಕಡಿಮೆ. ‘ಅಬ್ಬಾ’ ಎಂದು ಕೂಗಿದರೆ ‘ಅ’ ಅಕ್ಷರಕ್ಕೆ ಶಕ್ತಿ ಮೇಲೇರುತ್ತದೆ, ‘ಬ್ಬ’ ಬರುವ ಮೊದಲು ತುಟಿ ಮುಚ್ಚಿದ ಆ ಕ್ಷಣದಲ್ಲಿ ಬಹುತೇಕ ಸೊನ್ನೆಗೆ ಇಳಿಯುತ್ತದೆ.

ಈ ಏರಿಳಿತದಲ್ಲಿ ಅತ್ಯಂತ ಎತ್ತರದ ತುದಿ ಮುಟ್ಟಿದಾಗ ಹೊರಡುವ ಶಕ್ತಿಗೆ ‘ಪೀಕ್ ಎನ್ವಲಪ್ ಪವರ್’, ಚಿಕ್ಕದಾಗಿ ಪಿಇಪಿ ಎನ್ನುತ್ತಾರೆ. ಸೆಟ್ಟಿನ ಪುಸ್ತಕದಲ್ಲಿ ಬರೆದ 100 ಇದೇ. ಆದರೆ ಸಾಮಾನ್ಯ ಮೀಟರಿನ ಮುಳ್ಳಿಗೆ ತೂಕವಿದೆ. ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವ ತುದಿಯನ್ನು ಹಿಂಬಾಲಿಸಲು ಅದಕ್ಕೆ ಸಾಧ್ಯವಿಲ್ಲ. ಅದು ತುದಿ ಮತ್ತು ತಗ್ಗು ಎರಡನ್ನೂ ಸೇರಿಸಿದ ಸರಾಸರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಾತಿನ ಸರಾಸರಿ ತುದಿಯ ನಾಲ್ಕನೇ ಒಂದು, ಐದನೇ ಒಂದು ಭಾಗ ಇರುವುದು ಸಹಜ. ಆದ್ದರಿಂದ 100 ವ್ಯಾಟ್ ಪಿಇಪಿ ಇರುವ ಸೆಟ್ಟಿನಲ್ಲಿ ಮಾತನಾಡಿದಾಗ ಮುಳ್ಳು 20, 30ರಲ್ಲಿ ಕುಣಿಯುತ್ತಿದ್ದರೆ ಅದು ದೋಷವಲ್ಲ.

ಮುಳ್ಳು 100ಕ್ಕೆ ಏರಲೇಬೇಕು ಎಂದು ಮೈಕಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಕಿರುಚುವವರಿದ್ದಾರೆ. ಹಾಗೆ ಮಾಡಿದರೆ ಮಾತು ಒಡೆಯುತ್ತದೆ, ಅಕ್ಕಪಕ್ಕದ ತರಂಗಗಳಲ್ಲಿ ಮಾತನಾಡುವವರಿಗೆ ಗದ್ದಲವಾಗುತ್ತದೆ. ಶಕ್ತಿಯೇನೂ ಹೆಚ್ಚಾಗುವುದಿಲ್ಲ.

ತುದಿ ಮತ್ತು ಸರಾಸರಿಯ ಈ ವ್ಯತ್ಯಾಸವನ್ನು ವ್ಯಾಪಾರಕ್ಕೆ ಬಳಸಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಟೇಪ್ ರೆಕಾರ್ಡರ್ ಮತ್ತು ಸ್ಪೀಕರ್ ಡಬ್ಬಿಗಳ ಮೇಲೆ ‘2000 ವ್ಯಾಟ್ ಪಿಎಂಪಿಒ’ ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ಅದನ್ನು ಕೊಟ್ಟ ತೆಳ್ಳನೆಯ ವೈರು ನೋಡಿದರೇ ಅಷ್ಟು ಶಕ್ತಿ ಸಾಧ್ಯವಿಲ್ಲ ಎಂದು ಗೊತ್ತಾಗುತ್ತಿತ್ತು. ಪಿಎಂಪಿಒ ಎಂಬುದಕ್ಕೆ ಸರಿಯಾದ ವ್ಯಾಖ್ಯೆಯೇ ಇರಲಿಲ್ಲ. ಪಿಇಪಿ ಹಾಗಲ್ಲ. ಏರಿಳಿತದ ತುದಿಯಲ್ಲಿ ರೇಡಿಯೋ ಅಲೆಯ ಒಂದು ಪೂರ್ತಿ ಸುತ್ತಿನ ಸರಾಸರಿ ಶಕ್ತಿ ಎಂದು ಅದಕ್ಕೆ ಸ್ಪಷ್ಟ ಅರ್ಥವಿದೆ, ಪ್ರಯೋಗಾಲಯದಲ್ಲಿ ಅಳೆದು ತೋರಿಸಬಹುದು.

ಮೊಬೈಲ್ ಫೋನೂ ಇದಕ್ಕೆ ಒಳ್ಳೆಯ ಉದಾಹರಣೆ. 900 ಮೆಗಾಹರ್ಟ್ಸಿನ ಹಳೆಯ 2ಜಿ ಫೋನಿನ ಗರಿಷ್ಠ ಶಕ್ತಿ 2 ವ್ಯಾಟ್. ಆದರೆ ಅದು ಮಾತಿನ ಹೊತ್ತಿನಲ್ಲಿ ಎಂಟು ಪಾಲಿನಲ್ಲಿ ಒಂದು ಪಾಲು ಮಾತ್ರ ಅಲೆ ಕಳುಹಿಸುತ್ತದೆ. ಹಾಗಾಗಿ ಸರಾಸರಿ ಕಾಲು ವ್ಯಾಟ್ ಅಷ್ಟೇ.

ಮನೆಯಲ್ಲೇ ಮಾಡುವ ಪರೀಕ್ಷೆ

ಸೆಟ್ಟು ಸರಿಯಾಗಿದೆಯೇ ಎಂದು ನೋಡುವ ಕ್ರಮ ಇದು. ಮಗಳು ಪರವಾನಗಿ ಇರುವವಳಾದ್ದರಿಂದ ಅವಳೇ ಮಾಡಲಿ.

ಮೊದಲು ಏರಿಯಲ್ಲಿನ ತಂತಿ ತೆಗೆದು ಅದರ ಜಾಗದಲ್ಲಿ ‘ಡಮ್ಮಿ ಲೋಡ್’ ಜೋಡಿಸಬೇಕು. ಇದು 50 ಓಮಿನ ದೊಡ್ಡ ರೆಸಿಸ್ಟರು. ಹೊರಬಂದ ಶಕ್ತಿಯನ್ನೆಲ್ಲ ಶಾಖವಾಗಿಸಿ ನುಂಗಿಬಿಡುತ್ತದೆ. ಅಲೆ ಊರೆಲ್ಲ ಹರಡಿ ಇನ್ನೊಬ್ಬರಿಗೆ ತೊಂದರೆಯಾಗುವುದಿಲ್ಲ. ಕಾರ್ಬನ್ ರೆಸಿಸ್ಟರುಗಳನ್ನು ಒಟ್ಟಿಗೆ ಬೆಸೆದು, ಎಣ್ಣೆ ತುಂಬಿದ ಡಬ್ಬದಲ್ಲಿ ಮುಳುಗಿಸಿ ಇದನ್ನು ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ.

ಸೆಟ್ಟಿಗೂ ಡಮ್ಮಿ ಲೋಡಿಗೂ ನಡುವೆ ವ್ಯಾಟ್ ಮೀಟರ್ ಇಡಿ. ಸೆಟ್ಟನ್ನು ಮೋರ್ಸ್ ಸಂಕೇತದ ಸ್ಥಾನಕ್ಕೆ ತಿರುಗಿಸಿ ಕೀಲಿಯನ್ನು ನಾಲ್ಕೈದು ಸೆಕೆಂಡು ಒತ್ತಿ ಹಿಡಿಯಿರಿ. ಇಲ್ಲಿ ಮಾತಿನ ಏರಿಳಿತ ಇಲ್ಲ, ಒಂದೇ ಸಮನೆ ಅಲೆ ಹೊರಡುತ್ತದೆ. ತುದಿಯೂ ಸರಾಸರಿಯೂ ಒಂದೇ. ಮುಳ್ಳು 100ರ ಹತ್ತಿರ ನಿಂತರೆ ಸೆಟ್ಟು ಸರಿ ಇದೆ. ಮಾತನಾಡುವಾಗ ಕಂಡ 30ರ ಬಗ್ಗೆ ಚಿಂತೆ ಬೇಡ. 60, 70ರಲ್ಲೇ ನಿಂತರೆ ಮೊದಲು ವಿದ್ಯುತ್ತನ್ನು ನೋಡಿ. ಇಂಥ ಸೆಟ್ಟಿಗೆ 13.8 ವೋಲ್ಟ್ ಬೇಕು. ಸೊರಗಿದ ಬ್ಯಾಟರಿ ಅಥವಾ ತೆಳ್ಳನೆಯ ವೈರು ಇದ್ದರೆ ಕೀಲಿ ಒತ್ತಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಅದೂ ಸರಿ ಇದ್ದು ಮುಳ್ಳು 20, 30ಕ್ಕಿಂತ ಮೇಲೇರದಿದ್ದರೆ ಮಾತ್ರ ಅವಳ ಅಬ್ಬಾನ ಮಾತು ನಿಜ. ಆಗ ಸೆಟ್ಟು ವಾಪಸು ಕೊಡಬಹುದು.

ಮೀಟರನ್ನೂ ಕುರುಡಾಗಿ ನಂಬಬಾರದು. ಸಾಧಾರಣ ಮೀಟರಿನಲ್ಲಿ ಪೂರ್ತಿ ಅಳತೆಯ ಶೇಕಡಾ 10ರಷ್ಟು ಹೆಚ್ಚುಕಡಿಮೆ ಇರಬಹುದು. 200ರವರೆಗಿನ ಮೀಟರಿನಲ್ಲಿ ಶೇಕಡಾ 10 ಎಂದರೆ 20 ವ್ಯಾಟ್. 100 ತೋರಿಸಿದರೆ ಅದು 80ರಿಂದ 120ರೊಳಗೆ ಯಾವುದೂ ಆಗಬಹುದು. ಚಿಕ್ಕ ಶಕ್ತಿಯನ್ನು ಅದೇ ಮೀಟರಿನಲ್ಲಿ ಅಳೆಯುವುದೆಂದರೆ ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಕೇಸರಿ ತೂಗಿದಂತೆ. ಅದಕ್ಕೇ ಒಳ್ಳೆಯ ಮೀಟರುಗಳಲ್ಲಿ 20, 200 ಎಂದು ಬೇರೆ ಬೇರೆ ಅಳತೆಗಳಿರುತ್ತವೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಆಸಿಲೋಸ್ಕೋಪ್ ಇದ್ದರೆ ಇನ್ನೂ ಖಚಿತ. 50 ಓಮಿನ ಲೋಡಿನ ಮೇಲೆ ಅಲೆಯ ಮೇಲ್ತುದಿಯಿಂದ ಕೆಳತುದಿಗೆ 200 ವೋಲ್ಟ್ ಕಂಡಿತು ಎನ್ನಿ. ಅದರ ಅರ್ಧ 100. ಅದನ್ನು 0.707ರಿಂದ ಗುಣಿಸಿದರೆ 70.7. ಅದರ ವರ್ಗ ಸುಮಾರು 5000. 50ರಿಂದ ಭಾಗಿಸಿದರೆ 100 ವ್ಯಾಟ್. ಮಾತನಾಡುತ್ತಾ ನೋಡಿದರೂ ಅಲೆಯ ಅತಿ ಎತ್ತರದ ತುದಿಯನ್ನು ಹಿಡಿದು ಇದೇ ಲೆಕ್ಕ ಮಾಡಿದರೆ ಪಿಇಪಿ ಸಿಗುತ್ತದೆ. ಆದರೆ ಇಷ್ಟು ವೋಲ್ಟನ್ನು ತಡೆಯುವ ಪ್ರೋಬನ್ನೇ ಬಳಸಬೇಕು. ಉಪನ್ಯಾಸಕರು ಜೊತೆಗಿರಲಿ.

ಮರಳಿ ಬರುವ ಶಕ್ತಿ

ಸೆಟ್ಟಿನಿಂದ ಹೊರಟದ್ದೆಲ್ಲ ಆಕಾಶಕ್ಕೆ ಹೋಗುತ್ತದೆ ಎಂದುಕೊಳ್ಳಬೇಡಿ. ಏರಿಯಲ್ ಸೆಟ್ಟಿಗೆ ಹೊಂದಿಕೆಯಾಗದಿದ್ದರೆ ಹೋದ ಶಕ್ತಿಯಲ್ಲಿ ಒಂದು ಪಾಲು ಮರಳಿ ಬರುತ್ತದೆ. ಆದ್ದರಿಂದಲೇ ಮೀಟರಿನಲ್ಲಿ ‘ಮುಂದಕ್ಕೆ’ ಮತ್ತು ‘ಹಿಂದಕ್ಕೆ’ ಎಂದು ಎರಡು ಅಳತೆ ಇರುತ್ತದೆ. ಮುಂದಕ್ಕೆ 100, ಹಿಂದಕ್ಕೆ 4 ತೋರಿಸಿದರೆ ಏರಿಯಲ್ಲಿಗೆ ಸೇರಿದ್ದು 96. ಈ ಸ್ಥಿತಿಗೆ ಎಸ್‌ಡಬ್ಲ್ಯುಆರ್ 1.5 ಎನ್ನುತ್ತಾರೆ. ಇದು ಒಳ್ಳೆಯ ಹೊಂದಾಣಿಕೆ. ಹಿಂದಕ್ಕೆ 11 ಬಂದರೆ ಎಸ್‌ಡಬ್ಲ್ಯುಆರ್ 2. ಹಿಂದಕ್ಕೆ 25 ಬಂದರೆ 3. ಆಗ ಅನೇಕ ಸೆಟ್ಟುಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ಶಕ್ತಿಯನ್ನು ತಗ್ಗಿಸುತ್ತವೆ.

ಇಲ್ಲೊಂದು ಎಚ್ಚರಿಕೆ. ಕೇಬಲ್ ಹಳತಾಗಿ ನೀರು ಸೇರಿದ್ದರೆ ಹೋಗುವ ಶಕ್ತಿಯನ್ನೂ ಮರಳುವ ಶಕ್ತಿಯನ್ನೂ ಅದೇ ನುಂಗುತ್ತದೆ. ಆಗ ಹಿಂದಕ್ಕೆ ಬರುವುದು ಕಡಿಮೆ ಕಂಡು ‘ಎಲ್ಲ ಚೆನ್ನಾಗಿದೆ’ ಎಂಬ ಭ್ರಮೆ ಹುಟ್ಟುತ್ತದೆ. ಒಳ್ಳೆಯ ತೆಳು ಕೇಬಲ್ ಕೂಡಾ ತರಂಗ ಹೆಚ್ಚಿದಂತೆ ಹೆಚ್ಚು ನುಂಗುತ್ತದೆ. ಕೈಸೆಟ್ಟುಗಳು ಬಳಸುವ 145 ಮೆಗಾಹರ್ಟ್ಸಿನಲ್ಲಿ 20 ಮೀಟರ್ ತೆಳು ಕೇಬಲ್ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ದಾರಿಯಲ್ಲೇ ಮುಗಿಯುತ್ತದೆ.

ಎಷ್ಟು ವ್ಯಾಟ್ ಇದ್ದರೆ ಸಾಕು?

1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದಾಗ ಅವರ ಬಳಿ ಇದ್ದುದು 30 ವ್ಯಾಟಿನ ಪ್ರೇಷಕ. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ಬಂದದ್ದು ಅಲ್ಲಿಂದ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಇಸ್ರೋ ಹಾರಿಸಿದ ‘ಹ್ಯಾಮ್‌ಸ್ಯಾಟ್’ ಹವ್ಯಾಸಿಗಳಿಗೆಂದೇ ಮಾಡಿದ 42.5 ಕಿಲೋ ತೂಕದ ಉಪಗ್ರಹ. ಅದರ ಪ್ರೇಷಕದ ಶಕ್ತಿ ಕೇವಲ 1 ವ್ಯಾಟ್. ನೂರಾರು ಕಿಲೋಮೀಟರ್ ಎತ್ತರದಿಂದ ಬಂದ ಆ ಒಂದು ವ್ಯಾಟಿನ ದನಿಯನ್ನು 2014ರವರೆಗೆ ಹಲವು ದೇಶಗಳ ಹವ್ಯಾಸಿಗಳು ಕೇಳಿದರು. ಎತ್ತರದಲ್ಲಿದ್ದು ಎದುರಿಗೆ ಅಡ್ಡಿ ಇಲ್ಲದಿದ್ದರೆ ಕಡಿಮೆ ಶಕ್ತಿಯೂ ಸಾಕು.

ಇನ್ನೊಂದು ಲೆಕ್ಕ ನೋಡಿ. ಕೇಳುವವರ ಸೆಟ್ಟಿನಲ್ಲಿ ಸಂಕೇತದ ಬಲ ತೋರಿಸುವ ಎಸ್ ಮೀಟರ್ ಇರುತ್ತದೆ. ಅದರಲ್ಲಿ ಒಂದು ಮೆಟ್ಟಿಲು ಏರಬೇಕಾದರೆ ಶಕ್ತಿ ನಾಲ್ಕು ಪಟ್ಟು ಹೆಚ್ಚಬೇಕು. 25 ವ್ಯಾಟನ್ನು 100 ಮಾಡಿದರೆ ಒಂದೇ ಒಂದು ಮೆಟ್ಟಿಲು. 5 ವ್ಯಾಟಿನಿಂದ 100ಕ್ಕೆ ಹೋದರೂ ಎರಡು ಮೆಟ್ಟಿಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಾರಿದವರು ಹೇಳಿದಂತೆ ನಿಜಕ್ಕೂ 200 ವ್ಯಾಟ್ ಹೊರಗೆ ಬಂದಿದ್ದರೂ 100ಕ್ಕಿಂತ ಅರ್ಧ ಮೆಟ್ಟಿಲು ಮಾತ್ರ ಮೇಲೆ. ಕೇಳುವವರಿಗೆ ಅದು ಗೊತ್ತಾಗುವುದೇ ಕಷ್ಟ. ಆ ಅರ್ಧ ಮೆಟ್ಟಿಲಿಗಾಗಿ ಇನ್ನಷ್ಟು ಹಣ ಸುರಿಯುವುದಕ್ಕಿಂತ ಏರಿಯಲ್ಲನ್ನು ಸರಿಯಾಗಿ ಕಟ್ಟುವುದು ಲಾಭ.

ನೆರೆಯ ದಿನಗಳಿಗೆ

ಸಹೋದರಿಯ ನಿಜವಾದ ಕಾಳಜಿ ಇರುವುದು ಇಲ್ಲಿ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ನೆರೆಯನ್ನು ರಾಯಚೂರು ಜಿಲ್ಲೆ ಮರೆತಿಲ್ಲ. 2019ರ ಆಗಸ್ಟಿನಲ್ಲೂ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ ದೇವದುರ್ಗದ ಕಡೆಯ ಹೂವಿನಹೆಡಗಿ ಸೇತುವೆ ಮುಳುಗಿತ್ತು. ಇಂಥ ಹೊತ್ತಿನಲ್ಲಿ ಕರೆಂಟು ಹೋಗುತ್ತದೆ, ಮೊಬೈಲ್ ಗೋಪುರದ ಬ್ಯಾಟರಿ ಕೆಲವು ಗಂಟೆಗಳಲ್ಲಿ ಬರಿದಾಗುತ್ತದೆ. ಹೆರಿಗೆ ನೋವು ಬಂದ ತಾಯಿಯನ್ನು ದೋಣಿಗೆ ಸೇರಿಸಬೇಕಾದರೂ ಯಾರಿಗಾದರೂ ಸುದ್ದಿ ಮುಟ್ಟಬೇಕು.

2004ರ ಡಿಸೆಂಬರ್ 26ರ ಸುನಾಮಿಯ ದಿನ ಇದನ್ನು ಮಾಡಿ ತೋರಿಸಿದವರು ಒಬ್ಬ ಮಹಿಳೆ. ಭಾರತಿ ಪ್ರಸಾದ್ ಎಂಬವರು ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡದೊಂದಿಗೆ ಆ ತಿಂಗಳು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹವ್ಯಾಸದ ಕಾರ್ಯಕ್ರಮಕ್ಕಾಗಿ ಹೋಗಿದ್ದರು. ದ್ವೀಪಗಳ ಸಂಪರ್ಕ ಕಡಿದಾಗ ಅವರ ಸೆಟ್ಟು ದೇಶದೊಂದಿಗೆ ಮಾತನಾಡಿತು. ‘ನಮ್ಮವರು ಬದುಕಿದ್ದಾರೆಯೇ’ ಎಂದು ಕೇಳುತ್ತಿದ್ದ ಮನೆಗಳಿಗೆ ಉತ್ತರ ತಲುಪಿತು.

ಗೂಗಲ್‌ನಂಥ ಊರಿನಿಂದ ಸುದ್ದಿ ಮುಟ್ಟಿಸಲು ಏನು ಬೇಕು? 5 ವ್ಯಾಟಿನ ಕೈಸೆಟ್ಟಿನ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುತ್ತದೆ. 9 ಮೀಟರ್ ಎತ್ತರದ ಏರಿಯಲ್ಲಿಗೆ ಬಯಲಿನಲ್ಲಿ 12 ಕಿಲೋಮೀಟರಿನಷ್ಟು ದಿಗಂತ. ನೆಲದ ಮೇಲೆ ನಿಂತವರ ಕೈಸೆಟ್ಟಿಗೆ 5 ಕಿಲೋಮೀಟರ್. ದೇವದುರ್ಗದಿಂದ ರಾಯಚೂರು 50 ಕಿಲೋಮೀಟರಿಗೂ ಹೆಚ್ಚು. ನಡುವೆ ಎತ್ತರದ ಜಾಗದಲ್ಲಿ ಮಾತನ್ನು ಹಿಡಿದು ಮತ್ತೆ ಕಳುಹಿಸುವ ರಿಪೀಟರ್ ಇಲ್ಲದಿದ್ದರೆ ಕೈಸೆಟ್ಟಿನಲ್ಲಿ 50 ವ್ಯಾಟ್ ಇದ್ದರೂ ಮಾತು ಮುಟ್ಟುವ ಭರವಸೆ ಇಲ್ಲ.

ಮಗಳ ಸೆಟ್ಟು ಉಪಯೋಗಕ್ಕೆ ಬರುವುದು ಇಲ್ಲಿಯೇ. 7 ಮೆಗಾಹರ್ಟ್ಸಿನ ಅಲೆ ಆಕಾಶದ ಅಯಾನುಗೋಳಕ್ಕೆ ಬಡಿದು ಕೆಳಗೆ ಬರುತ್ತದೆ. ಒಟ್ಟು 20 ಮೀಟರ್ ಉದ್ದದ ತಾಮ್ರದ ತಂತಿ, ನಡುವಿನಿಂದ ಎರಡು ಕಡೆಗೆ ಹತ್ತು ಹತ್ತು ಮೀಟರ್, ಆರೇಳು ಮೀಟರ್ ಎತ್ತರದಲ್ಲಿ ಕಟ್ಟಿದರೆ ಹಗಲು ಹೊತ್ತಿನಲ್ಲಿ ರಾಯಚೂರು, ಕಲಬುರಗಿ, ಹೈದರಾಬಾದಿನವರು ಕೇಳುವ ಸಾಧ್ಯತೆ ಚೆನ್ನಾಗಿದೆ. ಕರೆಂಟಿನ ತಂತಿಯಿಂದ ಇದು ತುಂಬಾ ದೂರವಿರಬೇಕು. ಗುಡುಗು ಮಿಂಚಿನ ಹೊತ್ತಿನಲ್ಲಿ ಸೆಟ್ಟಿನಿಂದ ಕಳಚಿಡಬೇಕು. ಮಾತನಾಡುವಾಗ ಮಕ್ಕಳು ತಂತಿ ಮುಟ್ಟದಂತೆ ನೋಡಿಕೊಳ್ಳಬೇಕು. 100 ವ್ಯಾಟಿನಲ್ಲಿ ತಂತಿಯ ತುದಿ ಚರ್ಮವನ್ನು ಸುಡುತ್ತದೆ.

ನೆರೆಯ ದಿನ ಬ್ಯಾಟರಿಯ ಲೆಕ್ಕವೂ ಮುಖ್ಯ. 100 ವ್ಯಾಟ್ ಹೊರಗೆ ಕೊಡುವಾಗ ಸೆಟ್ಟು ಸುಮಾರು 20 ಆಂಪಿಯರ್ ಎಳೆಯುತ್ತದೆ. 40 ಆಂಪಿಯರ್-ಗಂಟೆಯ ಬ್ಯಾಟರಿ ಕಾಗದದ ಲೆಕ್ಕದಲ್ಲಿ ಎರಡು ಗಂಟೆಯ ಮಾತಿಗೆ ಸಾಕು, ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. 2 ಆಂಪಿಯರ್ ಎಳೆಯುವ 5 ವ್ಯಾಟಿನ ಚಿಕ್ಕ ಸೆಟ್ಟಿಗೆ ಅದೇ ಬ್ಯಾಟರಿ 20 ಗಂಟೆ. ಆದ್ದರಿಂದ ಶಕ್ತಿಯ ಗುಂಡಿಯನ್ನು ತಗ್ಗಿಸಿ ಮಾತು ಆರಂಭಿಸಬೇಕು, ಕೇಳದಿದ್ದರೆ ಮಾತ್ರ ಏರಿಸಬೇಕು. ಹೇಳಬೇಕಾದುದನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡು ಚುಟುಕಾಗಿ ಹೇಳಬೇಕು.

ಸಹೋದರಿಗೆ ಕೊನೆಯ ಮಾತು

ಮಗಳ ಪರವಾನಗಿಯನ್ನು ಒಮ್ಮೆ ತೆರೆದು ಓದಿ. ಅವಳ ದರ್ಜೆಗೆ ಎಷ್ಟು ವ್ಯಾಟಿನ ಮಿತಿ ಇದೆ, ಅದು ಒಳಗಿನ ಲೆಕ್ಕವೋ ಹೊರಗಿನ ಲೆಕ್ಕವೋ ಎಂದು ನೋಡಿಕೊಳ್ಳಿ. ಸೆಟ್ಟು ಅದಕ್ಕಿಂತ ಹೆಚ್ಚು ಕೊಡುವಂತಿದ್ದರೆ ತಗ್ಗಿಸಿಯೇ ಬಳಸಬೇಕು. ಮನೆಯ ಬೇರೆಯವರು ಮೈಕು ಹಿಡಿದು ತಾವಾಗಿ ಮಾತನಾಡಬಾರದು. ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ತಮ್ಮನೋ ತಂಗಿಯೋ ಆಸಕ್ತಿ ತೋರಿದರೆ ಅವರೂ ಪರೀಕ್ಷೆ ಬರೆಯಲಿ, ಹನ್ನೆರಡು ವರ್ಷ ತುಂಬಿದವರಿಗೆ ಅವಕಾಶವಿದೆ.

ಸೆಟ್ಟನ್ನು ವಾಪಸು ಕೊಡುವ ಮುಂಚೆ ಅವಳ ಅಬ್ಬಾ ಒಂದು ಸಂಜೆ ಮಗಳ ಪಕ್ಕ ಕುಳಿತು ಈ ಪರೀಕ್ಷೆಯನ್ನು ನೋಡಲಿ. ಕೀಲಿಯನ್ನು ಮಗಳೇ ಒತ್ತಲಿ, ಮುಳ್ಳನ್ನು ಅವರೇ ಓದಲಿ. ಲೆಕ್ಕ ಸರಿ ಬಂದರೆ ಹಣ ಉಳಿಯುತ್ತದೆ, ಮಗಳ ಮಾತಿಗೆ ಮನೆಯಲ್ಲಿ ಬೆಲೆಯೂ ಬರುತ್ತದೆ. ಬರದಿದ್ದರೆ ಮಾರಿದವರ ಮುಂದೆ ಏನು ಕೇಳಬೇಕು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಕೃಷ್ಣೆಯಲ್ಲಿ ನೀರು ಏರುವುದು ಮಳೆಗಾಲದಲ್ಲಿ. ತಂತಿ ಕಟ್ಟಿ, ಬ್ಯಾಟರಿ ತುಂಬಿಸಿ, ರಾಯಚೂರು ಮತ್ತು ಹೈದರಾಬಾದಿನ ಹವ್ಯಾಸಿಗಳೊಂದಿಗೆ ವಾರಕ್ಕೊಮ್ಮೆ ಮಾತನಾಡಿ ರೂಢಿ ಮಾಡಿಕೊಳ್ಳುವುದು ಮಾತ್ರ ಅದಕ್ಕೆ ಮೊದಲೇ ಆಗಬೇಕು.